ಮರವೇ ಮಾಡಿಟ್ಟ ತಟ್ಟೆ!

ದೊಪ್!

ಅಡಿಕೆ ತೋಟದ ನಡುವೆ ನಡೆಯುವಾಗ ಈ ಸದ್ದು ಕೇಳಿಸಿದರೆ ಮೈ ಒಮ್ಮೆ ಜುಮ್ಮೆನ್ನುತ್ತದೆ, ಕಾಲು ತಾನಾಗಿಯೇ ನಿಲ್ಲುತ್ತದೆ, ಕಣ್ಣು ಮೇಲಕ್ಕೆ ಹೋಗುತ್ತದೆ. ತಲೆಯ ಮೇಲೆ ಬೀಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು ನೋಡಿದರೆ ನಾಲ್ಕು ಹೆಜ್ಜೆ ಆಚೆ ಸೋಗೆಯೊಂದು ಹಾಳೆ ಸಮೇತ ಮಲಗಿರುತ್ತದೆ. ಮಲೆನಾಡಿನವರಿಗೂ ಕರಾವಳಿಯವರಿಗೂ ಇದು ದಿನ ಬೆಳಗಾದರೆ ನೋಡುವ ಸಂಗತಿ. ಎಳೆದು ಬದಿಗೆ ಹಾಕಿ ಮುಂದೆ ಹೋಗುತ್ತಾರೆ. ನೀವು ಹೋಗಬೇಡಿ, ಸ್ವಲ್ಪ ನಿಲ್ಲಿ! ಬಗ್ಗಿ ಆ ಹಾಳೆಯನ್ನು ಎತ್ತಿಕೊಳ್ಳಿ.

ಹೊರಮೈ ಬೂದು ಬೆರೆತ ಹಸಿರು. ಒಳಮೈ ಕೆನೆಯ ಬಣ್ಣ, ಬೆರಳು ಜಾರುವಷ್ಟು ನುಣುಪು. ನೀರು ಚಿಮುಕಿಸಿದರೆ ಹನಿಗಳು ಜಾರಿ ಹೋಗುತ್ತವೆ. ಬಗ್ಗಿಸಿದರೆ ಬಗ್ಗುತ್ತದೆ, ಮುರಿಯುವುದಿಲ್ಲ. ಉದ್ದಕ್ಕೆ ಸೀಳಿದರೆ ಸರ್ರನೆ ಸೀಳುತ್ತದೆ, ಅಡ್ಡಕ್ಕೆ ಹರಿಯಲು ಹೋದರೆ ಕೈ ಸೋಲುತ್ತದೆ. ಎಷ್ಟು ಹಗುರ, ಎಷ್ಟು ಗಟ್ಟಿ! ಯಾವ ಕಾರ್ಖಾನೆಯೂ ಇದನ್ನು ನೇಯಲಿಲ್ಲ, ಎರಕ ಹೊಯ್ಯಲಿಲ್ಲ, ಪಾಲಿಶ್ ಹಚ್ಚಲಿಲ್ಲ. ಮಳೆ, ಬಿಸಿಲು, ಮಣ್ಣು, ಒಂದು ಸುಳಿ, ಇಷ್ಟೇ ಬಂಡವಾಳ. ಇದಕ್ಕೆ ಸ್ವಲ್ಪ ನೀರು ಕುಡಿಸಿ, ಬಿಸಿ ಅಚ್ಚಿನ ನಡುವೆ ಇಟ್ಟು ಒಮ್ಮೆ ಒತ್ತಿ ತೆಗೆದರೆ ಸಾಕು, ಬಿಸಿ ಬಿಸಿ ಅನ್ನ ಸಾರು ಬಡಿಸಬಹುದಾದ ತಟ್ಟೆ ಸಿದ್ಧ. ಅಂಟು ಬೇಡ, ಬಣ್ಣ ಬೇಡ, ರಾಸಾಯನಿಕ ಬೇಡ. ಪ್ಲಾಸ್ಟಿಕ್ಕಿಗೆ ಬದಲಿ ಏನು ಎಂದು ಜಗತ್ತಿನ ಪ್ರಯೋಗಾಲಯಗಳೆಲ್ಲ ತಲೆ ಕೆಡಿಸಿಕೊಂಡಿರುವ ಹೊತ್ತಿನಲ್ಲಿ ಉತ್ತರವೊಂದು ನಮ್ಮ ತೋಟದಲ್ಲಿ ಸದ್ದು ಮಾಡಿಕೊಂಡೇ ಬೀಳುತ್ತಿತ್ತು!

ಮೊದಲು ಈ ಹಾಳೆ ಮರದ ಮೇಲೆ ಏನು ಮಾಡುತ್ತಿತ್ತು ಎಂಬುದನ್ನು ನೋಡಬೇಕು. ಬೆರಗು ಶುರುವಾಗುವುದೇ ಅಲ್ಲಿಂದ. ಹಾಳೆಯೆಂದರೆ ಸೋಗೆಯ ಬುಡ. ಆ ಬುಡ ಅಗಲವಾಗಿ, ಕೊಳವೆಯಂತಾಗಿ, ಮರದ ತುದಿಯನ್ನು ಸುತ್ತಲೂ ತಬ್ಬಿಕೊಂಡಿರುತ್ತದೆ. ಅಡಿಕೆ ಮರದ ನೆತ್ತಿಯಲ್ಲಿ ನಯವಾದ ಹಸಿರು ಕಂಬದ ಹಾಗೆ ಕಾಣುವುದು ಕಾಂಡವಲ್ಲ, ಒಂದರೊಳಗೊಂದು ಸೇರಿಕೊಂಡ ಹಾಳೆಗಳು. ಅವುಗಳ ನಟ್ಟನಡುವೆ ಮರದ ಪ್ರಾಣ, ಅಂದರೆ ಸುಳಿ, ಅಡಗಿದೆ. ಅಡಿಕೆ ಮರಕ್ಕೆ ಇರುವುದು ಅದೊಂದೇ ಸುಳಿ. ಅದು ಸತ್ತರೆ ಮರವೇ ಸತ್ತಂತೆ. ಆಗುಂಬೆಯ ಮಳೆ, ಮಾರ್ಚ್ ತಿಂಗಳ ಬಿಸಿಲು, ಗಾಳಿ, ಹುಳ, ಎಲ್ಲವನ್ನೂ ತಡೆದು ಆ ಒಂದು ಸುಳಿಯನ್ನು ಕಾಯುವ ಹೊಣೆ ಹಾಳೆಯದು. ಅಷ್ಟು ಸಾಲದೆಂಬಂತೆ ಆಳುದ್ದದ ಸೋಗೆಯೊಂದನ್ನು ಬಿರುಗಾಳಿಯಲ್ಲೂ ಎತ್ತಿ ಹಿಡಿಯುವ ಕೆಲಸವೂ ಅದರದ್ದೇ. ವರ್ಷಕ್ಕೂ ಮೀರಿ ಹೀಗೆ ದುಡಿದು, ಪಾಳಿ ಮುಗಿದಾಗ, ಕತ್ತಿಯಲ್ಲಿ ಕೊಯ್ದಷ್ಟು ಅಚ್ಚುಕಟ್ಟಾಗಿ ಕಳಚಿಕೊಳ್ಳುತ್ತದೆ. ಅದು ಬಿಟ್ಟುಹೋದ ಗುರುತೇ ಕಾಂಡದ ಮೇಲಿನ ಉಂಗುರ. ತಾಳ್ಮೆಯಿದ್ದರೆ ಬುಡದಿಂದ ಎಣಿಸುತ್ತಾ ಹೋಗಿ, ಆ ಮರ ಈವರೆಗೆ ಉದುರಿಸಿದ ಹಾಳೆಗಳ ಲೆಕ್ಕ ಸಿಕ್ಕಿಬಿಡುತ್ತದೆ!

ಹಾಳೆ ಬಿದ್ದ ಜಾಗದಲ್ಲಿ ಏನು ಕಾಣಿಸುತ್ತದೆ ಗೊತ್ತೇ? ಹೊಂಬಾಳೆ. ಅಷ್ಟು ದಿನ ಹಾಳೆಯ ಕಂಕುಳಲ್ಲಿ ಅವಿತು ಬೆಳೆಯುತ್ತಿದ್ದ ಹೂಗೊನೆ, ಹಾಳೆ ಕಳಚಿದ ಮೇಲಷ್ಟೇ ಬೆಳಕು ಕಾಣುತ್ತದೆ. ಅದು ಬಿರಿದರೆ ಹಿಂಗಾರ. ಕರಾವಳಿಯಲ್ಲಿ ನಾಗನಿಗೆ, ದೈವಗಳಿಗೆ ಇದಿಲ್ಲದೆ ಪೂಜೆ ಪೂರ್ತಿಯಾಗುವುದಿಲ್ಲ. ಹಾಳೆಯನ್ನು ಮರದಿಂದ ಕಿತ್ತುಕೊಳ್ಳಬೇಕಾಗಿಲ್ಲ, ಕಡಿಯಬೇಕಾಗಿಲ್ಲ. ಮರಕ್ಕೆ ಅದನ್ನು ಉದುರಿಸುವ ಅಗತ್ಯವಿದೆ, ಉದುರಿಸಿದರೆ ಮಾತ್ರ ಮುಂದಿನ ಫಸಲು. ಒಂದು ಗಿಡದ ಕೂದಲೂ ಕೊಂಕದೆ ಸಿಗುವ ಇಂಥ ಕಚ್ಚಾ ಸಾಮಗ್ರಿ ಬೇರೆ ಯಾವುದಿದೆ, ನೀವೇ ಹೇಳಿ.

ಈಗ ಸ್ವಲ್ಪ ಲೆಕ್ಕ. ಗಾಬರಿಯಾಗಬೇಡಿ, ಬಾಯಿಲೆಕ್ಕವೇ ಸಾಕು. ಒಂದು ಮರ ವರ್ಷಕ್ಕೆ ಆರರ ಆಸುಪಾಸು ಹಾಳೆ ಉದುರಿಸುತ್ತದೆ. ವಿಟ್ಲ ಮತ್ತು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳುವಂತೆ 2.7 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಮರ. ಅಂದರೆ ಒಂದು ಹೆಕ್ಟೇರ್ ತೋಟದಲ್ಲಿ ವರ್ಷಕ್ಕೆ ಎಂಟು ಸಾವಿರ ಚಿಲ್ಲರೆ ಹಾಳೆ. ದೇಶದಲ್ಲಿ ಅಡಿಕೆಗೆ ಕರ್ನಾಟಕವೇ ಮೊದಲು. ಇಲ್ಲಿ ತೋಟ ನಾಲ್ಕು ಲಕ್ಷ ಹೆಕ್ಟೇರಿಗೂ ಹೆಚ್ಚು. ಗುಣಿಸಿ ನೋಡಿ: ಮುನ್ನೂರು ಕೋಟಿ ದಾಟುತ್ತದೆ! ಎಳೆ ತೋಟ, ಮುದಿ ತೋಟ, ರೋಗದ ತೋಟ ಎಂದು ಎಷ್ಟೇ ಕಳೆದರೂ ಉಳಿಯುವುದು ತಲೆ ತಿರುಗುವ ಸಂಖ್ಯೆಯೇ. 2011ರ ಜನಗಣತಿಯ ಪ್ರಕಾರ ನಾವು ಆರು ಕೋಟಿ ಚಿಲ್ಲರೆ ಜನ. ತಲೆಗೆ ಐವತ್ತು ಹಾಳೆ ಬಂತು. ಕನ್ನಡ ನಾಡಿನ ಪ್ರತಿಯೊಬ್ಬರೂ ವರ್ಷಕ್ಕೆ ಐವತ್ತು ಮದುವೆ ಊಟ ಮಾಡಿದರೂ, ಒಂದು ಹಾಳೆಗೆ ಒಂದೇ ತಟ್ಟೆ ಎಂದುಕೊಂಡರೂ, ಕಾಗದದ ಮೇಲೆ ತಟ್ಟೆ ಸಾಲುತ್ತದೆ.

ಇದನ್ನು ಮೊದಲು ಕಂಡವರು ನಾವೇನಲ್ಲ. ಹಾಳೆಯ ಗುಣ ತೋಟದವರಿಗೆ ತಲೆತಲಾಂತರದಿಂದ ಗೊತ್ತು. ತುಳುನಾಡಿನ ರೈತನ ತಲೆಯ ಮೇಲಿನ ಮುಟ್ಟಾಳೆ ಹಾಳೆಯದ್ದು. ಬಿಸಿಲಿಗೆ ತಂಪು, ತಲೆಹೊರೆಗೆ ಮೆತ್ತೆ, ಸಾಕಾದಾಗ ಗೊಬ್ಬರ. ಬಾಣಂತಿ ಮನೆಯಲ್ಲಿ ಎಳೆಕೂಸನ್ನು ಎಣ್ಣೆ ಹಚ್ಚಿ ಮೀಯಿಸುತ್ತಿದ್ದದ್ದು ಹಾಳೆಯ ಮೇಲೆ. ಆ ನುಣುಪಿಗಿಂತ ಮೆತ್ತನೆಯ ಹಾಸು ಕೂಸಿಗೆ ಇನ್ನೆಲ್ಲಿ? ಸೆಕೆಗಾಲಕ್ಕೆ ಹಾಳೆಯ ಬೀಸಣಿಗೆ, ನೀರು ಮೊಗೆಯಲು ಹಾಳೆಯ ಪಡಿಗೆ. ಮಕ್ಕಳಿಗಂತೂ ಹಾಳೆಯೇ ವಾಹನ. ಒಬ್ಬರು ಕೂರುವುದು, ಇನ್ನೊಬ್ಬರು ಸೋಗೆ ಹಿಡಿದು ಅಂಗಳದ ತುಂಬಾ ಎಳೆಯುವುದು, ತಿರುವಿನಲ್ಲಿ ಇಬ್ಬರೂ ಬೀಳುವುದು! ಕೇರಳದ ಪತ್ತನಂತಿಟ್ಟ ಸೀಮೆಗೆ ಹೋದರೆ ಹಾಳೆ ದೇವರ ಮುಖವೇ ಆಗಿಬಿಡುತ್ತದೆ. ಅಲ್ಲಿನ ಪಡಯಣಿ ಕುಣಿತದಲ್ಲಿ ಹಸಿ ಹಾಳೆಯ ಮೇಲೆ ಕಪ್ಪು, ಕೆಂಪು, ಹಳದಿ ಬರೆದು ಕೋಲಗಳನ್ನು ಕಟ್ಟುತ್ತಾರೆ. ನೂರೊಂದು ಹಾಳೆ ಹಿಡಿಸುವ ಭೈರವಿ ಕೋಲವೂ ಉಂಟು. ಪಂಜಿನ ಬೆಳಕಿನಲ್ಲಿ ಅದು ಕುಣಿಯುತ್ತಾ ಬಂದರೆ ಇದು ತೋಟದ ಕಸ ಎಂದು ಹೇಳುವ ಧೈರ್ಯ ಯಾರಿಗಿದೆ?

ಅಡಿಗೆ ಮನೆಗೂ ಹಾಳೆ ಹೊಸದಲ್ಲ. ಆದರೆ ಅಂಗಡಿಯಲ್ಲಿ ಕಟ್ಟು ಕಟ್ಟಾಗಿ ಸಿಗುವ ದುಂಡನೆಯ ತಟ್ಟೆ, ಚೌಕದ ತಟ್ಟೆ, ಬಟ್ಟಲು, ದೊನ್ನೆ, ಇವೆಲ್ಲ ಬಿಸಿ ಅಚ್ಚಿನ ಯಂತ್ರ ಬಂದ ಮೇಲಿನ ಮಾತು. ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶಿರಸಿ, ಸಿದ್ದಾಪುರ, ಪುತ್ತೂರು, ಸುಳ್ಯ, ಈ ಕಡೆಯ ಯಾವ ರಸ್ತೆಯಲ್ಲಿ ಹೋದರೂ ಶೀಟಿನ ಮಾಡಿನ ಕೆಳಗೆ ಹಾಳೆ ತಟ್ಟೆಯ ಘಟಕ ಕಣ್ಣಿಗೆ ಬೀಳುತ್ತದೆ. ಹೆಚ್ಚಿನವು ಮನೆಯ ಪಕ್ಕದಲ್ಲೇ, ಕೊಟ್ಟಿಗೆಯ ಮಗ್ಗುಲಲ್ಲೇ. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಪರಿಮಳ. ಹಸಿ ಮರವನ್ನು ಬಿಸಿ ಮಾಡಿದ ಹಾಗೆ, ಅತ್ತ ಹುಲ್ಲಿನ ವಾಸನೆಯೂ ಅಲ್ಲ, ಇತ್ತ ಅಡಿಗೆಯ ವಾಸನೆಯೂ ಅಲ್ಲ. ಗೋಡೆಗೆ ಒರಗಿಸಿಟ್ಟ ಹಾಳೆಯ ರಾಶಿ ಮಾಡಿಗೆ ಮುಟ್ಟುತ್ತಿರುತ್ತದೆ. ತೊಟ್ಟಿಯಲ್ಲಿ ನೀರು ಕುಡಿಯುತ್ತಾ ಮಲಗಿದ ಹಾಳೆಗಳು ಒಂದು ಕಡೆ, ಬ್ರಷ್ಷಿನಿಂದ ತಿಕ್ಕಿಸಿಕೊಂಡು ನೀರು ಬಸಿಯಲು ನಿಂತ ಹಾಳೆಗಳು ಇನ್ನೊಂದು ಕಡೆ. ಯಂತ್ರದ ಮುಂದೆ ಕೂತ ಹೆಂಗಸರ ಕೈ ಓಡುವುದನ್ನು ನೋಡುವುದೇ ಒಂದು ಚಂದ. ಹಾಳೆ ಇಡು, ಒತ್ತು, ತೆಗೆ. ಇಡು, ಒತ್ತು, ತೆಗೆ.

ಆ ಒತ್ತುವ ಕ್ಷಣದಲ್ಲೇ ಪವಾಡ ನಡೆಯುವುದು!

ಮೇಲಿನ ಅಚ್ಚು, ಅಂದರೆ ಡೈ, ಕೆಳಗಿನ ಡೈಯೊಳಗೆ ಇಳಿಯುತ್ತದೆ. ಎರಡೂ ನೂರು ಡಿಗ್ರಿಯ ಆಚೀಚೆ ಕಾದಿರುತ್ತವೆ. ಚುಸ್ಸೆಂದು ಹಬೆ ಏಳುತ್ತದೆ. ನಿಮಿಷ ತುಂಬುವುದರೊಳಗೆ ಡೈ ಮೇಲೆದ್ದರೆ, ಸುರುಳಿ ಸುತ್ತಿಕೊಂಡಿದ್ದ ಹಾಳೆ ಅಂಚು ಕಟ್ಟಿಕೊಂಡ ತಟ್ಟೆಯಾಗಿ ಕೂತಿರುತ್ತದೆ. ಅಂಚನ್ನು ಡೈಯೇ ಕತ್ತರಿಸಿಬಿಟ್ಟಿರುತ್ತದೆ. ಕೈಗೆ ತೆಗೆದುಕೊಂಡರೆ ಇನ್ನೂ ಬೆಚ್ಚಗೆ. ಮತ್ತೆ ಸುರುಳಿಯಾಗುವುದಿಲ್ಲ, ಆಕಾರ ಬಿಡುವುದಿಲ್ಲ. ಅಂಟೇ ಹಾಕದೆ ಇದು ಹೇಗೆ ನಿಂತಿತು?

ಉತ್ತರ ಹಾಳೆಯ ಒಳಗಿದೆ. ಅದರ ಉದ್ದಕ್ಕೂ ಸಾಲಾಗಿ ಹರಿದಿರುವ ಗೆರೆಗಳು ನೀರು, ಆಹಾರ ಸಾಗಿಸುತ್ತಿದ್ದ ನಾಳಗಳ ಕಟ್ಟುಗಳು. ಅವುಗಳ ಸುತ್ತ ಗಟ್ಟಿ ನಾರು. ಆ ನಾರಿನ ಮೂಲ ಸೆಲ್ಯುಲೋಸ್. ನಾರುಗಳ ನಡುವೆ ತುಂಬಿಕೊಂಡು ಅವನ್ನೆಲ್ಲ ಒಂದಾಗಿ ಹಿಡಿದಿಟ್ಟಿರುವ ಪದಾರ್ಥ ಲಿಗ್ನಿನ್. ಒಣಗಿದಾಗ ಲಿಗ್ನಿನ್ ಗಾಜಿನಷ್ಟು ಬಿಗಿ, ಅದು ಸಡಿಲಾಗಬೇಕಾದರೆ ಭಾರೀ ಶಾಖ ಬೇಕು. ಆದರೆ ನೀರು ಕುಡಿದ ಲಿಗ್ನಿನ್ ಕತೆಯೇ ಬೇರೆ, ನೀರು ಕುದಿಯುವ ಮಟ್ಟಕ್ಕಿಂತ ಕೆಳಗೇ ಅದು ಮೆತ್ತಗಾಗಿಬಿಡುತ್ತದೆ. ಕೆನಡಾದ ವಿಜ್ಞಾನಿ ಡಿ.ಎ.ಐ. ಗೋರಿಂಗ್ 1963ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಈ ಗುಟ್ಟನ್ನು ಅಳೆದು ತೋರಿಸಿದರು. ಅವರ ತಲೆಯಲ್ಲಿದ್ದದ್ದು ಕಾಗದದ ಕಾರ್ಖಾನೆ. ಅದಕ್ಕೂ ನೂರು ವರ್ಷ ಹಿಂದೆ, 1859ರಲ್ಲಿ, ವಿಯೆನ್ನಾದಲ್ಲಿ ಹೆಸರು ಮಾಡಿದ ಮೈಕೆಲ್ ಥೋನೆಟ್ ಬೀಚ್ ಮರದ ಕೋಲುಗಳಿಗೆ ಹಬೆ ಹಿಡಿಸಿ ಬಗ್ಗಿಸಿ ಜಗತ್ಪ್ರಸಿದ್ಧ 14ನೇ ನಂಬರಿನ ಕುರ್ಚಿ ಮಾಡಿದ್ದೂ ಇದೇ ಗುಣದ ಬಲದಿಂದ. ಹೋಟೆಲುಗಳಲ್ಲಿ ನಾವು ಕಾಣುವ, ಬೆನ್ನು ಬಾಗಿಸಿದ ಆ ಮರದ ಕುರ್ಚಿಗೂ ಸಾಗರದ ಶೀಟಿನ ಮಾಡಿನ ಕೆಳಗಿನ ತಟ್ಟೆಗೂ ಒಂದೇ ವಿಜ್ಞಾನ!

ಸುಕ್ಕಾದ ಹತ್ತಿ ಅಂಗಿಗೆ ನೀರು ಚಿಮುಕಿಸಿ ಇಸ್ತ್ರಿ ಹಾಕುತ್ತೇವಲ್ಲ, ಬಹುಮಟ್ಟಿಗೆ ಹಾಗೆಯೇ ಇದು. ನೀರು ಬಿಗಿ ಬಿಡಿಸುತ್ತದೆ, ಶಾಖ ಮೆತ್ತಗೆ ಮಾಡುತ್ತದೆ, ಒತ್ತಡ ಹೊಸ ಆಕಾರ ಕೊಡುತ್ತದೆ, ನೀರು ಹಬೆಯಾಗಿ ಹೊರಟುಹೋದ ಮೇಲೆ ಬಿಗಿ ಮತ್ತೆ ಬರುತ್ತದೆ, ಈ ಸಲ ಹೊಸ ಆಕಾರದಲ್ಲಿ. ಅಂಟು ಹೊರಗಿನಿಂದ ಬರಬೇಕಾಗಿಲ್ಲ, ಮರ ಮೊದಲೇ ತುಂಬಿ ಕಳಿಸಿದೆ. ನೀರು ಹೆಚ್ಚಾದರೆ ತಟ್ಟೆ ಕರಿಯಾಗುತ್ತದೆ, ಕಡಿಮೆಯಾದರೆ ಬಿರುಕು ಬಿಡುತ್ತದೆ. ಎಷ್ಟು ಸಾಕು ಎನ್ನುವುದು ಮಾಡುವವರ ಬೆರಳಿಗೆ ಗೊತ್ತು. ಹಾಳೆ ಮುಟ್ಟಿ ನೋಡಿ ತೊಟ್ಟಿಯಿಂದ ತೆಗೆಯುವುದೋ ಬಿಡುವುದೋ ಹೇಳುತ್ತಾರೆ.

ಒಂದು ತಟ್ಟೆಯ ಹಾಗೆ ಇನ್ನೊಂದಿಲ್ಲ ಎಂಬುದನ್ನು ಗಮನಿಸಿದ್ದೀರಾ? ಗೆರೆ, ನೆರಳು, ಒಂದೊಂದು ಕಂದು ಮಚ್ಚೆ, ಎಲ್ಲವೂ ಬೇರೆ ಬೇರೆ. ತಟ್ಟೆ ಎಷ್ಟು ಅಗಲ ಇರಬೇಕು ಎಂದು ತೀರ್ಮಾನಿಸುವುದೂ ಮರವೇ. ಕಾಂಡದ ಸುತ್ತಳತೆ ಎಷ್ಟೋ ಹಾಳೆಯ ಅಗಲ ಅಷ್ಟೇ. ಹನ್ನೆರಡು ಇಂಚಿನ ಊಟದ ತಟ್ಟೆಗೆ ಒಳ್ಳೆಯ ಪುಷ್ಟಿಯ ಮರದ ಹಾಳೆ, ಅದರಲ್ಲೂ ಅಗಲವಾದ ಭಾಗ ಬೇಕು. ಉಳಿದ ತುಂಡಿನಲ್ಲಿ ಬಟ್ಟಲು, ಅದರಲ್ಲೂ ಉಳಿದದ್ದರಲ್ಲಿ ಚಮಚ. ಬೆಂಗಳೂರಿನಲ್ಲಿ ದೊನ್ನೆ ಬಿರಿಯಾನಿ ತಿಂದವರ ಕೈಯಲ್ಲಿದ್ದ ದೊನ್ನೆ ಎಷ್ಟೋ ಸಲ ಇಂಥದ್ದೇ ತೋಟದಿಂದ ಇಳಿದು ಬಂದದ್ದು. ಬಿರಿಯಾನಿಯ ರುಚಿಗೆ ಹೆಸರು ಕೊಟ್ಟದ್ದೇ ಪಾತ್ರೆ, ಪಾತ್ರೆಗೆ ಪರಿಮಳ ಕೊಟ್ಟದ್ದು ಮರ.

ಜಗತ್ತಿನ ಬೇರೆಯವರು ಏನು ಮಾಡುತ್ತಿದ್ದಾರೆ ಎಂದು ಹುಡುಕುತ್ತಾ ಹೋದರೆ ಅದೂ ಒಂದು ಜಾತ್ರೆ. ಪೋಲೆಂಡಿನಲ್ಲಿ ಹಿಟ್ಟಿನ ಗಿರಣಿಯ ಮನೆತನದ ಯೆರ್ಝಿ ವಿಸೋಟ್ಸ್ಕಿ ಗೋಧಿ ಬೂಸಾವನ್ನೇ ಅಚ್ಚಿಗೆ ಹಾಕಿ ಒತ್ತಿ ತಟ್ಟೆ ಮಾಡಿದರು. ಅವರ ಬಯೋಟ್ರೆಮ್ ಕಂಪನಿಯ ಪ್ರಕಾರ ಒಂದು ಟನ್ ಬೂಸಾದಿಂದ ಹತ್ತು ಸಾವಿರ ತಟ್ಟೆಯವರೆಗೆ ಬರುತ್ತದೆ. ಊಟವಾದ ಮೇಲೆ ತಟ್ಟೆಯನ್ನೂ ತಿಂದುಬಿಡಬಹುದು! ಮೆಕ್ಸಿಕೋದಲ್ಲಿ ಬಯೋಫೇಸ್ ಎಂಬ ಕಂಪನಿ ಬೆಣ್ಣೆಹಣ್ಣಿನ ಬೀಜದಿಂದ ಸ್ಟ್ರಾ, ಚಮಚ ತೆಗೆಯುತ್ತದೆ. ಹೈದರಾಬಾದಿನಲ್ಲಿ ನಾರಾಯಣ ಪೀಸಪಾಟಿ ಜೋಳದ ಹಿಟ್ಟಿನ ಚಮಚ ಮಾಡಿ ಸುದ್ದಿಯಾದರು. ಅಯೋಧ್ಯೆಯ ಕಾಗದದ ಕಾರ್ಖಾನೆಯೊಂದು 2017ರಿಂದ ಚಕ್ ಎಂಬ ಹೆಸರಿನಲ್ಲಿ ಕಬ್ಬಿನ ಸಿಪ್ಪೆಯ ತಟ್ಟೆ ತರುತ್ತಿದೆ. ಕಬ್ಬಿನ ಸಿಪ್ಪೆ ಅಂದರೆ ಸಣ್ಣ ಮಾತೇ? ಒಂದು ಟನ್ ಕಬ್ಬು ಅರೆದರೆ ಮುನ್ನೂರು ಕಿಲೋದಷ್ಟು ಹಸಿ ಸಿಪ್ಪೆ ಉಳಿಯುತ್ತದೆ. ಮಂಡ್ಯ, ಬೆಳಗಾವಿಯ ಕಾರ್ಖಾನೆಗಳ ಅಂಗಳದಲ್ಲಿ ಗುಡ್ಡ ಗುಡ್ಡ ಬೀಳುವ ಪದಾರ್ಥ ಅದು, ಈಗ ಹೆಚ್ಚಿನದು ಬಾಯ್ಲರಿಗೆ ಹೋಗುತ್ತದೆ.

ಆದರೆ ಸಿಪ್ಪೆಯನ್ನು ಮೊದಲು ಬೇಯಿಸಿ, ಅರೆದು, ತಿರುಳು ಮಾಡಿ, ಆಮೇಲೆ ಅಚ್ಚಿಗೆ ಹಾಕಬೇಕು. ಎಣ್ಣೆ ಸೋರಬಾರದು ಎಂದು ಹೊರದೇಶಗಳಲ್ಲಿ ಇಂಥ ತಟ್ಟೆಗಳಿಗೆ ಬಹುಕಾಲ ಬೆರೆಸುತ್ತಿದ್ದದ್ದು ಫ್ಲೋರಿನ್ ಇರುವ, ಸಾವಿರ ವರ್ಷಕ್ಕೂ ಕರಗಲೊಲ್ಲದ ಪಿಎಫ್‌ಎಎಸ್ ಎಂಬ ರಾಸಾಯನಿಕಗಳನ್ನು. ಅಮೆರಿಕದಲ್ಲಿ ಆಹಾರದ ಕಾಗದಕ್ಕೆ ಅವುಗಳ ಬಳಕೆ ನಿಂತದ್ದೇ 2024ರಲ್ಲಿ. ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಎಂಬ ಹಸಿರು ಪ್ಲಾಸ್ಟಿಕ್ಕು ಕೊಳೆಯಬೇಕಾದರೆ 58 ಡಿಗ್ರಿ ಬಿಸಿಯ ಗೊಬ್ಬರದ ಕಾರ್ಖಾನೆಯೇ ಬೇಕು. ನಮ್ಮ ಹಿತ್ತಲ ಗುಂಡಿಯಲ್ಲಿ ಹಾಕಿದರೆ ಅದು ಪ್ಲಾಸ್ಟಿಕ್ಕಿನ ಹಾಗೆಯೇ ಮಲಗಿರುತ್ತದೆ. ಇವುಗಳ ಪಕ್ಕದಲ್ಲಿ ಹಾಳೆಯನ್ನಿಟ್ಟು ನೋಡಿ. ಅರೆಯುವುದಿಲ್ಲ, ಬೇಯಿಸುವುದಿಲ್ಲ, ಬೆರೆಸುವುದಿಲ್ಲ. ಎಲೆಯಾಗಿ ಹುಟ್ಟಿದ್ದು ಎಲೆಯಾಗಿಯೇ ಊಟಕ್ಕೆ ಬರುತ್ತದೆ. ಬಾಳೆಎಲೆ, ಮುತ್ತುಗದ ಎಲೆ ಬಿಟ್ಟರೆ ಇಷ್ಟು ಕಡಿಮೆ ಕೈವಾಡದ ಊಟದ ಎಲೆ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಬಾಳೆಎಲೆ ಮೂರು ದಿನಕ್ಕೆ ಬಾಡುತ್ತದೆ, ಹಾಳೆ ತಟ್ಟೆ ಒಣ ಜಾಗದಲ್ಲಿಟ್ಟರೆ ವರ್ಷ ದಾಟುತ್ತದೆ.

ಕಾನೂನು ಕೂಡ ಹಾಳೆಯ ಪರವಾಗಿಯೇ ಇದೆ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದೇ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಥರ್ಮೋಕೋಲ್ ಎಲ್ಲವನ್ನೂ ನಿಷೇಧಿಸಿತ್ತು. ದೇಶಕ್ಕೆಲ್ಲ ಅಂಥ ನಿಷೇಧ ಬಂದದ್ದು 2022ರ ಜುಲೈ 1ಕ್ಕೆ. ಈ ವಿಷಯದಲ್ಲಿ ನಾವು ಆರು ವರ್ಷ ಮುಂದಿದ್ದೆವು! ಮದುವೆ ಛತ್ರದ ಹಿಂಬಾಗಿಲಿಗೆ ಹೋಗಿ ನೋಡಿದರೆ ಮಾತ್ರ ಯಾವ ನಿಷೇಧವೂ ಕಾಣುವುದಿಲ್ಲ, ಅದು ಬೇರೆ ವಿಚಾರ. ಪ್ಲಾಸ್ಟಿಕ್ ಬಿಟ್ಟವರು ಕಾಗದದ ಲೋಟ, ಕಾಗದದ ತಟ್ಟೆ ಹಿಡಿದುಕೊಂಡರು. ಆ ಕಾಗದದ ಒಳಮೈಗೂ ಪ್ಲಾಸ್ಟಿಕ್ ಪೊರೆಯೇ. ಕಾಗದದ ಲೋಟದಲ್ಲಿ 100 ಮಿಲಿ ಬಿಸಿ ನೀರನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರಿಕೊಳ್ಳುತ್ತವೆ ಎಂದು ಖರಗ್‌ಪುರ ಐಐಟಿಯ ಸಂಶೋಧಕರು ಕಂಡುಕೊಂಡಿದ್ದಾರೆ. ಹಾಳೆಯ ಒಳಮೈಗೆ ಯಾರೂ ಏನೂ ಬಳಿದಿಲ್ಲ. ಅಲ್ಲಿರುವ ಹೊಳಪು ಮರದ್ದೇ.

ಹಾಗಂತ ಎಲ್ಲವೂ ಸುಗಮ ಎಂದುಕೊಳ್ಳಬೇಡಿ. ಹಾಳೆ ಸಿಗುವುದು ವರ್ಷವಿಡೀ, ಒಣಗಿಸಲು ಬಿಸಿಲು ಸಿಗುವುದು ಅರ್ಧ ವರ್ಷ. ಮಳೆಗೆ ನೆನೆದ ಹಾಳೆಗೆ ಎರಡೇ ದಿನದಲ್ಲಿ ಬೂಷ್ಟು. ಹಾಗಾಗಿ ಡಿಸೆಂಬರಿನಿಂದ ಮೇ ತನಕ ಹೆಕ್ಕಿ, ಒಣಗಿಸಿ, ಕಟ್ಟು ಕಟ್ಟಿ, ಮಳೆಗಾಲಕ್ಕೂ ಆಗುವಷ್ಟು ದಾಸ್ತಾನು ಮಾಡಿಕೊಳ್ಳಬೇಕು. ಸಣ್ಣ ಘಟಕದವರಿಗೆ ಅಷ್ಟು ಜಾಗ, ಅಷ್ಟು ದುಡ್ಡು ಎಲ್ಲಿಂದ? ಮಲೆನಾಡಿನ ಮಳೆಗಾಲದ ಕರೆಂಟಿನ ಬಗ್ಗೆ ಹೇಳದಿರುವುದೇ ಒಳ್ಳೆಯದು, ಡೈ ಕಾಯುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ತೋಟದವರಿಗೆ ಒಂದು ಹಾಳೆಗೆ ಸಿಗುವುದು ಚಿಲ್ಲರೆ ಕಾಸು, ಹೆಕ್ಕುವ ಕೂಲಿ ಕಳೆದರೆ ಏನು ಉಳಿಯುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇನ್ನೊಬ್ಬ ಗಿರಾಕಿ ಕೊಟ್ಟಿಗೆಯಲ್ಲೇ ಕಾದಿರುತ್ತಾಳೆ. ಬೇಸಿಗೆಯಲ್ಲಿ ಹಸಿರು ಮೇವು ಸಾಲದಾದಾಗ ಹಸಿ ಹಾಳೆಯನ್ನು ಕೊಚ್ಚಿ ದನಕ್ಕೆ ಹಾಕುವ ರೂಢಿ ಹಳೆಯದು. ಚಿಪ್ಪು ಅಣಬೆ ಬೆಳೆಸಲೂ ಹಾಳೆ ಚೆನ್ನ, ಎರೆಗೊಬ್ಬರಕ್ಕೂ ಚೆನ್ನ ಎಂದು ವಿಟ್ಲದ ಸಂಶೋಧಕರು ಮಾಡಿ ತೋರಿಸಿದ್ದಾರೆ. ತಟ್ಟೆಯವರು, ದನದವರು, ಅಣಬೆಯವರು, ತೋಟಕ್ಕೇ ಮುಚ್ಚಿಗೆ ಬೇಕೆನ್ನುವವರು, ಎಲ್ಲರಿಗೂ ಬೇಕಾದ ಕಸ!

ಇಷ್ಟು ಹೊಗಳಿದ ಮೇಲೆ ಕಹಿಯ ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಹಾಳೆ ತಟ್ಟೆಗೆ ಬಾಗಿಲು ಹಾಕಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡುಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದು, ಆದ್ದರಿಂದ ಇದು ಆಹಾರ ಬಡಿಸಲು ಸುರಕ್ಷಿತ ಎನ್ನಲಾಗದು ಎಂಬುದು ಅವರ ನಿಲುವು. ಅಮೆರಿಕದ ಮದುವೆ, ಪಾರ್ಟಿಗಳಿಗೆ ವರ್ಷಗಟ್ಟಲೆ ತಟ್ಟೆ ಕಳಿಸುತ್ತಿದ್ದ ನಮ್ಮ ಘಟಕಗಳಿಗೆ ಇದು ಸಿಡಿಲು ಬಡಿದ ಹಾಗಾಯಿತು. ಅಲ್ಲಿನ ಕನ್ನಡ ಕೂಟಗಳ ಯುಗಾದಿ ಊಟಕ್ಕೂ ಇದೇ ತಟ್ಟೆ ಹೋಗುತ್ತಿತ್ತು. ತೋಟದ ಕಡೆ ಇದನ್ನು ಕೇಳಿ ಸಿಟ್ಟಾದವರು ಬಹಳ. ಕೂಸನ್ನು ಮೀಯಿಸಿದ ಹಾಳೆ ವಿಷವಾಗುವುದು ಹೇಗೆ ಎಂದು ಅವರು ಕೇಳುವುದು ಸಹಜ. ಆದರೂ ಸಿಟ್ಟು ಪುರಾವೆಯಾಗುವುದಿಲ್ಲ. ಅಡಿಕೆ ಜಗಿಯುವುದು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ವರದಿಯಲ್ಲೇ ಹೇಳಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಗೆಂದು ಕಾಯಿಯನ್ನು ದಿನವಿಡೀ ಜಗಿಯುವುದೂ ಹಾಳೆಯ ಮೇಲೆ ಅರ್ಧ ಗಂಟೆ ಅನ್ನ ಉಣ್ಣುವುದೂ ಒಂದೇ ಎಂದು ಕಣ್ಣು ಮುಚ್ಚಿ ಒಪ್ಪಬೇಕಾಗಿಯೂ ಇಲ್ಲ. ಬಿಸಿ ಸಾಂಬಾರು ಹಾಕಿದರೆ ಎಷ್ಟು ಇಳಿಯುತ್ತದೆ, ಹುಳಿ ಮಜ್ಜಿಗೆಗೆ ಎಷ್ಟು, ಎಣ್ಣೆಯ ಬಜ್ಜಿಗೆ ಎಷ್ಟು, ಹಾಳೆಯನ್ನು ಎಷ್ಟು ಹೊತ್ತು ನೆನೆಸಿ ತೊಳೆದರೆ ಎಷ್ಟು ಕಡಿಮೆಯಾಗುತ್ತದೆ, ಇದೆಲ್ಲ ಅಳೆದು ಹೇಳಬಹುದಾದ ಸಂಗತಿ. ಅಳೆಯುವವರಿಗೆ ನಾವು ದೂರ ಹೋಗಬೇಕೇ? 1950ರಿಂದ ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ, ವಿಟ್ಲದಲ್ಲಿ ಅಡಿಕೆಯ ತಜ್ಞರಿದ್ದಾರೆ. ಅಂಕಿಗಳು ಊರ ಘಟಕದ ಗೋಡೆಯ ಮೇಲೆ ಕನ್ನಡದಲ್ಲೇ ಅಂಟಿರಬೇಕು. ಬೆರಗು ಉಳಿಯಬೇಕಾದರೆ ಪರೀಕ್ಷೆಗೆ ಹೆದರಬಾರದು.

ಊಟವಾದ ಮೇಲೆ ಈ ತಟ್ಟೆಯ ಗತಿ ಏನಾಗುತ್ತದೆ? ಗೊಬ್ಬರದ ಗುಂಡಿಗೆ ಬಿದ್ದ ತಟ್ಟೆಯನ್ನು ಮೊದಲು ಹುಡುಕಿಕೊಂಡು ಬರುವುದು ಬೂಷ್ಟು, ಆಮೇಲೆ ಗೆದ್ದಲು, ಎರೆಹುಳು. ಮಳೆಗಾಲದಲ್ಲಾದರೆ ಎರಡು ಮೂರು ತಿಂಗಳಲ್ಲಿ ತಟ್ಟೆ ಎನ್ನುವುದು ಕೇವಲ ನೆನಪು. ಅಂಚಿನ ನಾರು ಒಂದಿಷ್ಟು ಕಾಲ ಹಟ ಮಾಡುತ್ತದೆ, ಆಮೇಲೆ ಅದೂ ಮಣ್ಣು. ಆದರೆ ಕೇಳಿ, ಪೂರ್ತಿ ಮಾಯವಾಗುವುದಿಲ್ಲ! ಅಡಿಕೆ, ತೆಂಗು, ಈಚಲು, ತಾಳೆ, ಈ ಕುಲದ ಮರಗಳೆಲ್ಲ ಮಣ್ಣಿನಿಂದ ಸಿಲಿಕಾ ಹೀರಿಕೊಂಡು ತಮ್ಮ ನಾರಿನ ಪಕ್ಕದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ, ಮುಳ್ಳುಮುಳ್ಳಾದ ಗಾಜಿನ ಉಂಡೆಗಳನ್ನು ಕಟ್ಟಿಟ್ಟುಕೊಳ್ಳುತ್ತವೆ. ಎಲೆ ಕೊಳೆತರೂ ಆ ಉಂಡೆಗಳು ಕೊಳೆಯುವುದಿಲ್ಲ. ಸಾವಿರಾರು ವರ್ಷಗಳ ಹಿಂದಿನ ಮಣ್ಣಿನಲ್ಲಿ ಅವನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿ, ಇಲ್ಲಿ ತಾಳೆಯ ಜಾತಿಯ ಮರಗಳಿದ್ದವು ಎಂದು ಪುರಾತತ್ವದವರು ಹೇಳುತ್ತಾರೆ. ಪ್ಲಾಸ್ಟಿಕ್ ತಟ್ಟೆಯೂ ಭೂಮಿಗೆ ಸೂಕ್ಷ್ಮ ಕಣಗಳನ್ನೇ ಬಿಟ್ಟುಹೋಗುತ್ತದೆ, ಹಾಳೆಯ ತಟ್ಟೆಯೂ ಬಿಟ್ಟುಹೋಗುತ್ತದೆ. ಒಂದು ಮೀನಿನ ಹೊಟ್ಟೆಗೂ ನಮ್ಮ ರಕ್ತಕ್ಕೂ ಸೇರುತ್ತದೆ, ಇನ್ನೊಂದು ಬಂದ ಮಣ್ಣಿಗೇ ಮರಳು ಮಾತ್ರದ ಸಿಲಿಕಾ ಆಗಿ ಹಿಂದಿರುಗುತ್ತದೆ.

ಮನೆಯಲ್ಲಿ ಗೃಹಪ್ರವೇಶವೋ ಉಪನಯನವೋ ಬಂದರೆ ಅಡಿಗೆಯವರಿಗೆ ಎಲ್ಲ ಒಪ್ಪಿಸಿಬಿಟ್ಟು ಪಾಯಸ ಯಾವುದು, ಹೋಳಿಗೆಗೆ ತುಪ್ಪ ಎಷ್ಟು ಎಂದಷ್ಟೇ ಕೇಳಿ ಬರಬೇಡಿ. ಬಡಿಸುವ ತಟ್ಟೆ ಯಾವುದು, ನೀರಿನ ಲೋಟ ಯಾವುದು ಎಂದೂ ಕೇಳಿ. ಕಾಗದದ ತಟ್ಟೆ ಎಂದರೆ ಒಳಮೈಯನ್ನು ಉಗುರಿನಿಂದ ಗೀರಿ ನೋಡಿ, ಪೊರೆ ಎದ್ದು ಬಂದರೆ ಬೇಡವೆನ್ನಿ. ಬಾಳೆಎಲೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಸಿಗದಿದ್ದರೆ ಹಾಳೆ ತಟ್ಟೆ ತರಿಸಿ. ತರಿಸುವಾಗ ತಿಕ್ಕಿ ತೊಳೆದದ್ದೇ, ಬಿಸಿಲಲ್ಲಿ ಒಣಗಿದ್ದೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ, ಕರಿ ಚುಕ್ಕೆಯ ಬೂಷ್ಟು ಕಂಡರೆ ವಾಪಸು ಕಳಿಸಿ. ಊಟವಾದ ಮೇಲೆ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಸದ ಗಾಡಿಗೆ ಹಾಕಿದರೆ ಇಷ್ಟೆಲ್ಲ ಮಾಡಿದ್ದೂ ನೀರಿನಲ್ಲಿ ಹೋಮ. ನೆನೆಸಿ, ಹರಿದು, ಹಿತ್ತಲ ತೆಂಗಿನ ಬುಡಕ್ಕೋ ಹೂಕುಂಡದ ಮಣ್ಣಿಗೋ ಹಾಕಿ, ಮೇಲೆ ಎರಡು ಬೊಗಸೆ ಸಗಣಿ ನೀರು ಚೆಲ್ಲಿ.